ಅಲಗು ಯಾವ ಕಡೆಗಿತ್ತು

ಕತ್ತಿ-ಚೂರಿ ತಯಾರಿಕೆಯ ಊರು ಸೋಲಿಂಗನ್ನಿನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಗೆರ್‌ಹಿಲ್ಡ್‌ಳ ಪಕ್ಕ ಇಬ್ಬರು ಮುದುಕರು ಕೂತಿದ್ದರು. ಹಿರಿಯನ ಕೈಗೆ ದಪ್ಪ ಬ್ಯಾಂಡೇಜು.

“ಪಾಲಿಶ್ ಚಕ್ರಕ್ಕೆ ಕ್ಷೌರದ ಕತ್ತಿ ಹಿಡಿದಾಗ ಅಲಗು ಯಾವ ಕಡೆಗಿತ್ತು, ಎವಾಲ್ಡಣ್ಣ?”

“ಮೇಲಕ್ಕೆ.”

“ಅಯ್ಯೋ! ಅಲಗು ಕೆಳಕ್ಕೇ ಇರ್ಬೇಕು, ಇಲ್ಲಾಂದ್ರೆ ಚಕ್ರ ಕತ್ತಿ ಕಿತ್ಕೊಂಡು ನಿನ್ ಮೇಲೇ ಎಸೆಯುತ್ತೆ ಅಂತ ನನ್ನ ತಲೆ ಮೊಟಕಿ ಕಲಿಸಿದವನು ನೀನೇ ಅಲ್ವಾ?”

“ಹೂಂ.”

“ಮತ್ತೆ?”

“ಬೆನ್ನು ಯಾವುದು, ಅಲಗು ಯಾವುದು, ಕಾಣಲ್ಲ ಕಣೋ ಹೆಲ್ಮುಟ್. ವರ್ಷದಿಂದ ಬೆರಳಲ್ಲಿ ತಡವಿ ನೋಡಿ ಹಿಡೀತಿದ್ದೆ. ಇವತ್ತು ತಡವೋದು ಮರೆತೆ.”

“ಕಣ್ಣಿನ ಡಾಕ್ಟ್ರಿಗೆ ತೋರಿಸ್ಲಿಲ್ವಾ?”

“ಅವ್ರು ಕೈ ಚೆಲ್ಲಿ ಆರು ತಿಂಗಳಾಯ್ತು.”

“ಹೋಗ್ಲಿ ಬಿಡು, ಈ ಕೈ ವಾಸಿಯಾಗುತ್ತಂತೆ.”

ನರ್ಸ್ ಕರೆದಳು. ಎವಾಲ್ಡ್ ಎದ್ದು, ಗೆಳೆಯನದೆಂದುಕೊಂಡು ಗೆರ್‌ಹಿಲ್ಡ್‌ಳ ತೋಳು ಹಿಡಿದ.

“ವಾಸಿಯಾದ ಕೈ ಇಟ್ಕೊಂಡು ಏನು ಮಾಡ್ಲೋ?”

ಅವಳು ಅವನನ್ನು ಬಾಗಿಲವರೆಗೆ ನಡೆಸಿದಳು.