ಎಡಗಡೆ ಉಳಿದಿದೆ

ಹಲೋ… ಯಾರು ಮಾತಾಡೂದು?… ಮತ್ತ ನೀನ ಏನಲೇ ದಾದಾಪೀರ! ಈಗಷ್ಟ ಬೈದು ಫೋನ್ ಇಟ್ಟೇನಿ, ಯಾರದೋ ನಂಬರಿನಿಂದ ಮತ್ತ ಹಚ್ಚೀಯಲ್ಲ, ನಾಚಿಕಿ ಐತೇನ ನಿನಗ? ಬರೂದಿಲ್ಲ ಅಂದ್ರ ಬರೂದಿಲ್ಲ. ಅಕ್ಕ ಅಂದ್ರ ಓಣಿಯಾಗಿನ ಬೋರಿಂಗೇನ, ಬೇಕಂದಾಗ ಜಗ್ಗಾಕ?

…

ಹಾಂ, ಗೊತ್ತೈತಿ. ಅಮೀರಾ ಅತ್ತಿ ಮುಂಜಾನಿ ತೀರಿಕೊಂಡ್ಳು. ಒಮ್ಮಿ ಹೇಳಿದಿ, ಕೇಳಿದೆ. ಅಲ್ಲಾ ಆಕಿಗೆ ಒಳ್ಳೇದ ಮಾಡ್ಲಿ. ಆದ್ರ ಹೆಣದ ಮೈ ತೊಳ್ಯಾಕ ಇಡೀ ಲಕ್ಷ್ಮೇಶ್ವರದಾಗ ಮತ್ತ್ಯಾರೂ ಹೆಂಗಸ್ರ ಇಲ್ಲೇನು? ಆಕಿ ಸೊಸಿ ನಗೀನಾಗ ಕೈ ಇಲ್ಲೇನು?

…

ಅಂಜತಾಳಂತ! ನಾನೂ ಅಂಜತಿದ್ದೆ. ಅವ್ವ ರಟ್ಟಿ ಹಿಡದು ಜಗ್ಗಿಕೊಂಡು ಹೋಗಿ ನಿಲ್ಲಿಸಿದ್ಳು. ಅವ್ವ ಹೋದಮ್ಯಾಲೆ ಯಾರ ಸತ್ರೂ ತಸ್ಲೀಮನ್ನ ಕರೀರಿ, ತಸ್ಲೀಮನ್ನ ಕರೀರಿ. ಒಬ್ರಾದ್ರೂ ಲಗ್ನಕ್ಕ ಕರದೀರೇನು? ನನ್ನ ಕೈಯಾಗಿನ ಚಹಾ ಕುಡದೀರೇನು? ನೀನ ಕುಡದಿಲ್ಲ, ಒಡಹುಟ್ಟಿದಾಂವ.

…

ಮೆಲ್ಲಕ ಯಾಕ ಮಾತಾಡ್ಲಿ? ದವಾಖಾನಿ ಖರೆ, ನಾ ಹೊರಗ ವರಾಂಡದಾಗ ನಿಂತೇನಿ. ಕೇಳಿಲ್ಲಿ. ನರ್ಸಿಂಗ್ ಶಾಲಿ ಸೇರಿ ಇನ್ನೂ ವರ್ಷ ತುಂಬಿಲ್ಲ. ಅವತ್ತಿನ ಗದ್ದಲ ಆದಮ್ಯಾಲೆ ಇವತ್ತ ಮತ್ತ ವಾರ್ಡಿನೊಳಗ ಬಿಟ್ಟಾರ. ಇನ್ನೊಮ್ಮಿ ಏನಾರ ಆದ್ರ ಮನಿಗೆ ಹೋಗ್ರಿ ಅಂತ ಮೇಡಮ್ ಬಾಯಿಬಿಟ್ಟ ಹೇಳ್ಯಾರ. ನಡುವ ಎದ್ದು ಬಂದ್ನೆಂದ್ರ ಮುಗೀತು, ಗದಗಿನ ಋಣ ಹರೀತು.

…

ನೀ ಕೇಳಿದ್ದು ಓಣಿಯವರ ಬಾಯಿಲೆ. ನನ್ನ ಬಾಯಿಲೆ ಕೇಳು. ಹೋದ ವಾರ ಅತ್ತಿ ಇಲ್ಲೇ ಇದ್ಳು, ಕಿಟಕಿ ಬಾಜೂ ಮಂಚದ ಮ್ಯಾಲೆ. ಏಳಾಕ ಬರತಿದ್ದಿಲ್ಲ. ಒದ್ದಿ ಅರಬೀಲೆ ಮೈ ಒರಸು ಅಂತ ನನಗ ಹೇಳಿದ್ರು. ಹೆಂಗ ಒರಸಬೇಕು ಅಂತ ಕಲಿಸ್ಯಾರಲೋ. ಮೊದಲ ಮಾತಾಡಸಬೇಕು, ನೀರು ಬಿಸಿ ಆತೇನ್ರಿ ಅಂತ ಕೇಳಬೇಕು. ಬಾಯಿಪಾಠ ಐತಿ ನನಗ. ಆದ್ರ ಕೈಗೆ ಆ ಪಾಠ ಗೊತ್ತಿಲ್ಲ. ಕೈ ತನ್ನಷ್ಟಕ್ಕ ತಾನ ಹೊಂಟ್ತು. ಬಲಗಡಿ ಭುಜದಿಂದ ಹಿಡದು ಬಲಗಾಲಿನ ಬೆರಳತನಕ, ಹೊದಿಕಿ ಸರಸದಂಗ, ಅರಬಿ ಕೆಳಗ ಕೈ ಹಾಕಿ. ಮಾತಿಲ್ಲ. ತುಟಿಯೊಳಗ ದುವಾ.

…

ಹೂಂ. ಹೆಣಾ ತೊಳದಂಗ, ಮೊದಲ ಬಲಗಡಿ, ಆಮ್ಯಾಲೆ ಎಡಗಡಿ.

…

ಬ್ಯಾರೆ ಯಾರಾರ ಆಗಿದ್ರ ತಿಳೀತಿದ್ದಿಲ್ಲ. ಅಮೀರಾ ಅತ್ತಿಗೆ ತಿಳೀಲಾರದ ಇರತೈತೇನು? ಅವ್ವ ಹೆಣಾ ತೊಳ್ಯೂವಾಗ ತಂಬಗಿ ಹಿಡದು ನೀರು ಹಾಕತಿದ್ದಾಕಿ ಆಕೀನ ಅಲ್ಲಾ? ಬಲಗಡಿ ಮುಗೀತಿದ್ದಂಗ ಗಪ್ಪನ ನನ್ನ ಕೈ ಹಿಡದ್ಳು. "ತಸ್ಲೀಮಾ, ನಾ ಇನ್ನೂ ಅದೀನವಾ" ಅಂದ್ಳು. ಮೆಲ್ಲಕ ಅಂದ್ಳು. ಆಮ್ಯಾಲೆ ಒದರಾಕ ಹತ್ತಿದ್ಳು ನೋಡು, ಇಡೀ ವಾರ್ಡ ಎದ್ದು ಕುಂತ್ತು. ಇಲ್ಲಿ ಇರೂದಿಲ್ಲ, ಮನಿಗೆ ಒಯ್ಯಿರಿ ಅಂತ ಹಟಾ. ಒಯ್ದ್ರಿ. ಮುಂದಿಂದು ನಿನಗ ಗೊತ್ತು.

…

ಈ ವಯಸ್ಸಿನಾಗ ನರ್ಸಿಂಗ್ ಯಾಕ ಬೇಕಿತ್ತು ಅಂತೀಯೇನು? ಶೇಖಸಾಬನ ಮಗಳು ಹಡದು ತೀರಿಕೊಂಡ್ಳಲ್ಲ, ಆಕೀನ ತೊಳ್ಯಾಕ ನಾನ ಹೋಗಿದ್ದೆ. ಹೊಟ್ಟಿ ಇನ್ನೂ ಬೆಚ್ಚಗಿತ್ತಲೋ ತಮ್ಮಾ. ಹಿಂದಿನ ಸಂಜೀಕ ಕರದಿದ್ರ ಏನ ಮಾಡತಿದ್ದೆ? ಏನೂ ಬರತಿದ್ದಿಲ್ಲ ನನಗ. ಆ ಬೆಚ್ಚಗಿದ್ದದ್ದು ನನ್ನ ಕೈಬಿಟ್ಟು ಹೋಗವಲ್ದು. ಒಮ್ಮ್ಯಾರ ಜೀವ ಇದ್ದಾಗ ಮುಟ್ಟಬೇಕು ಅನಸ್ತು. ಅದಕ್ಕ ಮಗಳ ವಾರಿಗಿ ಹುಡಿಗ್ಯಾರ ಬಾಜೂಕ ಕುಂತೇನಿ, ಅಜ್ಜಿ ಅನಸ್ಕೋತ.

…

ಏನು? ಏನಂದಿ? ಮತ್ತೊಮ್ಮಿ ಹೇಳು.

…

ಸುಳ್ಳ ಹೇಳಬ್ಯಾಡಲೇ. ಹೆಣಾ ಮುಂದ ಇಟ್ಟುಕೊಂಡು ಸುಳ್ಳ ಹೇಳಬ್ಯಾಡ.

…

ಖರೆ ಹಂಗ ಅಂದ್ಳಾ ಅತ್ತಿ?… "ತಸ್ಲೀಮ ಬಲಗಡಿ ಅಷ್ಟ ತೊಳದಾಳ, ಎಡಗಡಿ ಉಳಿಸ್ಯಾಳ, ಆಕೀನ ಬಂದು ಮುಗಸ್ಲಿ"… ಹಿಂಗ ಅಂದ್ಳಾ?… ಕಡೀ ಮಾತು ಅದೇನು? ಅದರ ಮ್ಯಾಲೆ ಮಾತಾಡ್ಲೇ ಇಲ್ಲಾ?

…

ಅಳಾಕತ್ತಿಲ್ಲ. ಯಾಕ ಅಳ್ಲಿ?… ಅವತ್ತಿನಿಂದ ಎಡಗೈ ಹಸಿ ಹಸಿ ಅನಸ್ತೈತಿ, ಎಷ್ಟ ಒರಸಿಕೊಂಡ್ರೂ ಆರವಲ್ದು. ಯಾರ ಮುಂದೂ ಹೇಳಿಲ್ಲ. ನಿನ್ನ ಮುಂದ ಯಾಕ ಹೇಳಿದ್ನೋ.

…

ಬಸ್ ಅದಾವು, ನನಗೂ ಗೊತ್ತೈತಿ. ಮುಳಗುಂದ ನಾಕಾದಾಗ ಹತ್ತಿದ್ರ ಸಂಜಿಮುಂದಿನ ಅಸರ್ ನಮಾಜಿಗೆ ಮೊದಲ, ಮಣ್ಣ ಮಾಡೂದ್ರೊಳಗ ಮುಟ್ಟತೇನಿ. ಆದ್ರೂ ಬರೂದಿಲ್ಲ. ಇವತ್ತ ಬಂದ್ನೆಂದ್ರ ನೀವು ಮತ್ತ ಬಿಡೂದಿಲ್ಲ ನನ್ನ. ಇಲ್ಲಿ ಅದ ಮಂಚದ ಮ್ಯಾಲೆ ಬ್ಯಾರೆ ಮುದುಕಿ ಬಂದಾಳ, ಕುರ್ತಕೋಟಿಯ ಬಸವಣ್ಣೆವ್ವ. ಆಕಿಗೆ ನೀರು ಕಾಸಿ ಇಟ್ಟೇನಿ. ಮೇಡಮ್ ಎದುರಿಗೆ ಒರಸಬೇಕು, ಮಾತಾಡಸಿಕೋತ ಒರಸಬೇಕು… ಬಂದೆ ಸ್ನೇಹಾ, ಬಂದೆ. ಮೇಡಮ್‌ಗೆ ಹೇಳವಾ, ಬಂದೆ ಅಂತ… ನೀರು ಆರಾಕತ್ತೈತಿ, ಫೋನ್ ಇಡು.

…

ಏನಂದಿ? ಹೆಣಾ ತೊಳ್ಯಾಕಿ ಎಷ್ಟ ಕಲತ್ರೂ ಹೆಣಾನ ತೊಳೀತಾಳಾ? ಅವ್ವ ಇದ್ದಿದ್ರ ನಿನ್ನ ಬಾಯಾಗ ಬೂದಿ ಹಾಕತಿದ್ಳು!… ಏ, ಏನ ಮಾಡಾಕತ್ತಿ? ಫೋನ್ ಎಲ್ಲಿ ಇಡಾಕತ್ತಿ?… ಅತ್ತಿ ತಲಿಬಾಜೂ?… "ಬರೂದಿಲ್ಲ ಅಂತ ನೀನ ಆಕಿಗೆ ಹೇಳು" ಅಂದ್ರ? ದಾದಾಪೀರ! ಎಲ್ಲಿ ಹೊಂಟಿ? ಬಾಗಲಾ ಯಾಕ ಎಳದಿ?

…

ಹಲೋ… ದಾದಾಪೀರ… ಬಾಲೇ ಒಳಗ, ಫೋನ್ ಎತ್ತು…

…

ಬರೂದಿಲ್ಲೇನು?

…

ಅತ್ತಿ… ನಾನು, ತಸ್ಲೀಮ… ನಾ ಬರೂದಿಲ್ಲ ಅತ್ತಿ. ಅವತ್ತ ನಿನ್ನ ಮಾತಾಡಸಲಿಲ್ಲ. ಈಗ ಮಾತಾಡಸಾಕತ್ತೇನಿ… ನೀರು ಬಿಸಿ ಆತೇನ ಅತ್ತಿ?

…

ಏನದು ಸಪ್ಪಳ?… ಯಾರು ನೀರು ಹಾಕಾಕತ್ತಾರ ಅಲ್ಲಿ?… ಬಳಿ ಸಪ್ಪಳಾ ಕೇಳಸ್ತು. ನಗೀನಾ, ನೀನೇನವಾ?… ಮಾತಾಡು… ಆತು, ಮಾತಾಡಬ್ಯಾಡ ಬಿಡು. ಅಂಜಬ್ಯಾಡ. ತಂಬಗಿ ಮೆಲ್ಲಕ ಬಗ್ಗಸು… ಅಲ್ಲಲ್ಲ ನಗೀನಾ, ಬಲಗಡಿ ಬಿಡು. ಬಲಗಡಿ ನಾ ಮಾಡೇನಿ. ಎಡಗಡಿ ಭುಜದಿಂದ…