ಎರಡು ಹೆಜ್ಜೆ ಹಿಂದಿನ ಪಿಟೀಲು

ಸಂಜೆ ಮಳೆ ಜೋರಾಗಿ ಕರೆಂಟು ಹೋಗಿತ್ತು. ಬೇರೆ ಕೆಲಸವಿಲ್ಲದೆ ಎಲ್ಲರೂ ಅಜ್ಜನ ಮಂಚದ ಸುತ್ತ ಸೇರಿದ್ದೆವು. ಅಜ್ಜಿ ಹಿಂದೆ ಸಿನಿಮಾಕ್ಕೆ ಹಾಡಿದ್ದ ಹಳೆಯ ಪ್ರೇಮಗೀತೆಯನ್ನು ತಂಗಿ ಫೋನಿನಲ್ಲಿ ಹಾಕಲು ಹೋದಳು. ಒಂದು ಕಾಲದಲ್ಲಿ ಸಿನಿಮಾ ಹಾಡುಗಳಿಗೆ ಕೊಳಲು ನುಡಿಸುತ್ತಿದ್ದ ಅಜ್ಜ ಅವಳ ಕೈ ಹಿಡಿದುಕೊಂಡರು.

“ತಡಿ ಮಗೂ, ಮೊದಲು ನಾನು ಹೇಳೋದು ಕೇಳು... ಆಗೆಲ್ಲ ಇಡೀ ಸ್ಟುಡಿಯೋಗೆ ಒಂದೇ ಮೈಕು. ಯಾರ ಸದ್ದು ಎಷ್ಟು ಬೇಕೋ ಅಷ್ಟು ದೂರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕೋರು. ಆ ಗೆರೆ ಬಿಟ್ಟು ಕದಲೋ ಹಾಗಿಲ್ಲ. ನಿಮ್ಮಜ್ಜಿ ಮೈಕಿನ ಎದುರಿಗೆ, ನಾನು ಎಡಕ್ಕೆ, ಪಿಟೀಲಿನವನು ಬಲಕ್ಕೆ. ಅವಳು ಹಾಡ್ತಿದ್ದದ್ದು ಅವನನ್ನ ನೋಡ್ಕೊಂಡು. ಅವನ ಪಿಟೀಲು ಅವಳ ಒಂದೊಂದು ಸಾಲಿಗೂ ಉತ್ತರ ಕೊಡೋದು, ಇವಳ ಮುಖ ಅರಳೋದು... ನಂಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ? ರಿಹರ್ಸಲ್ ಮುಗಿಸಿ ಎಲ್ಲರೂ ಊಟಕ್ಕೆ ಹೋದಾಗ ಅವನ ಗೆರೆ ಅಳಿಸಿ ಎರಡು ಹೆಜ್ಜೆ ಹಿಂದಕ್ಕೆ ಎಳೆದೆ.

ಪಾಪ, ಗೆರೆ ಇದ್ದಲ್ಲೇ ನಿಂತು ಪ್ರಾಣ ಕೊಟ್ಟು ನುಡಿಸಿದ. ಹಾಡೋಳ ದನಿ ಚೆನ್ನಾಗಿ ಬಂತಲ್ಲ, ಒಂದೇ ಸಲಕ್ಕೆ ಓಕೆ ಅಂದ್ರು. ರೆಕಾರ್ಡು ಬಂದಾಗ ಪಿಟೀಲು ಪಕ್ಕದ ಮನೇಲಿ ನುಡಿಸಿದ ಹಾಗಿತ್ತು. ಇವನ ಕೈಯಲ್ಲಿ ಕಸುವಿಲ್ಲ ಅಂತ ಆಮೇಲೆ ಯಾರೂ ಅವನನ್ನ ಕರೀಲಿಲ್ಲ. ನಾಚಿಕೆಗೆ ಊರು ಬಿಟ್ಟ, ಯಾವುದೋ ಲಾಡ್ಜಲ್ಲಿ ಜ್ವರ ಬಂದು ಸತ್ತ. ನಿಮ್ಮಜ್ಜಿಗೆ ಸಮಾಧಾನ ಹೇಳಿದೋನು ನಾನೇ. ಹೇಳ್ತಾ ಹೇಳ್ತಾ ಮದುವೇನೂ ಆದೆ.

ಮೊದಮೊದಲು ಹಾಡನ್ನ ಯಾರೂ ಕೇಳಲೇ ಇಲ್ಲ. ಆಮೇಲೆ ಏನಾಯ್ತು ಗೊತ್ತಾ? ರೇಡಿಯೋದಲ್ಲಿ ಬಂದಾಗಲೆಲ್ಲ ಪಿಟೀಲು ಹಿಂದಿನ ಸಲಕ್ಕಿಂತ ಒಂಚೂರು ಹತ್ತಿರ... ಅದೇ ರೆಕಾರ್ಡು ಕಣ್ರೋ, ಇನ್ನೊಂದು ಸಲ ಯಾರೂ ಹಾಡಿಲ್ಲ, ನುಡಿಸಿಲ್ಲ. ಜನ ಮರುಳಾದ್ರು. ಮದುವೆ ಮನೇಲಿ, ಹೋಟೆಲಲ್ಲಿ, ಈಗ ನಿಮ್ಮ ಫೋನಲ್ಲಿ... ಐವತ್ತು ವರ್ಷ ಆದ್ರೂ ಬಿಡದೆ ಕೇಳ್ತಾರಲ್ಲ, ಯಾತಕ್ಕೆ? ಆ ಪಿಟೀಲಿಗೆ. ಅದರಲ್ಲಿ ನನ್ನ ಕೊಳಲೂ ಇದೆ ಅಂತ ಒಬ್ಬರಿಗಾದ್ರೂ ಗೊತ್ತಾ? ನಿಮ್ಮಜ್ಜಿ ದಿನಾ ಹಾಕ್ಕೊಂಡು ಕೂರೋಳು, ನಾನು ಒಳಗೆ ಬಂದ್ರೆ ನಿಲ್ಲಿಸಿಬಿಡೋಳು. ಅವಳು ಹೋಗಿ ಮೂರು ವರ್ಷ. ಅವಳ ದನಿ ಅಂತ ನಂಗೆ ಉಳಿದಿರೋದು ಇದೊಂದೇ.

ಮೊನ್ನೆ ಹಾಕಿ ಕೇಳಿದೆ. ಪಿಟೀಲು ಈಗ ಅವಳ ಪಕ್ಕದಲ್ಲೇ ಇದೆ. ಕೊನೇ ಸಾಲು ಆದ್ಮೇಲೆ ಅವಳು ಮೆಲ್ಲಗೆ ನಕ್ಕಳು... ಯಾರೋ ಕಿವೀಲಿ ಏನೋ ಹೇಳಿದ ಹಾಗೆ. ಇಷ್ಟು ವರ್ಷ ಸಂಸಾರ ಮಾಡಿದೆ, ನನ್ನ ಹತ್ರ ಒಂದ್ಸಲನೂ ಹಾಗೆ ನಕ್ಕೋಳಲ್ಲ. ಅವತ್ತು ಸ್ಟುಡಿಯೋದಲ್ಲೂ ನಗಲಿಲ್ಲ ಮಕ್ಕಳೇ, ನಾನು ಅಲ್ಲೇ ಇದ್ದೆನಲ್ಲ... ಹೂಂ, ಈಗ ಹಾಕು. ನಿಮಗೂ ಕೇಳುತ್ತೆ.”