ಲಾ ಗ್ರೀವ್ ತೋಟದ ಮೂಗು

ಅಧ್ಯಕ್ಷತೆ ವಹಿಸಿರುವ ಮೇಯರ್ ಮದಾಮ್ ಬೋಸೆ ಅವರೇ, ತೂರ್ ನಗರದಿಂದ ಬಂದಿರುವ ಅತಿಥಿಗಳೇ, ಲುವಾರ್ ನದಿ ದಂಡೆಯ ದ್ರಾಕ್ಷಿ ಬೆಳೆಗಾರ ಬಂಧುಗಳೇ, ಸಭಿಕರೇ,

ಇಂದು ಸನ್ಮಾನ ಸ್ವೀಕರಿಸುತ್ತಿರುವ ಸೊಲಾಂಜ್ ತೆಸಿಯೆ ಅವರು ಲಾ ಗ್ರೀವ್ ತೋಟದ ಬಿಳಿ ವೈನಿಗೆ ಹೆಸರು ತಂದವರು. ನಾನು ಫಿರ್ಮಾಂ, ವೈನಿಗೆ ಮರದ ಪೀಪಾಯಿ ಮಾಡುವವನು, ಅವರ ಗಂಡ. ನಾನು ಮಾತಾಡುವಾಗ ಅವರು ಸುಮ್ಮನೆ ಕುಳಿತಿರುವುದು ಮದುವೆಯಾದ ಮೇಲೆ ಇದೇ ಮೊದಲು.

ಆ ವೈನಿನ ಗುಟ್ಟೇನು ಎಂದು ಕೇಳುತ್ತೀರಿ. ಸುಣ್ಣಕಲ್ಲಿನ ನೆಲವೇ? ಬಂಡೆ ಕೊರೆದು ಮಾಡಿದ ನೆಲಮಾಳಿಗೆಯೇ? ನನ್ನ ಪೀಪಾಯಿಗಳೇ? ಅಲ್ಲ. ಸೊಲಾಂಜಳ ಮೂಗು.

ಕಳೆದ ಚಳಿಗಾಲದ ಜ್ವರದಲ್ಲಿ ಆ ಮೂಗಿನ ವಾಸನೆಯ ಶಕ್ತಿ ಹೋಯಿತು. ಇದು ನಿಮಗೆ ಗೊತ್ತು. ನಮಗೆ ಅದು ಗೊತ್ತಾದ ಬಗೆ ಮಾತ್ರ ನಿಮಗೆ ಗೊತ್ತಿಲ್ಲ. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿತ್ತು. ಸೊಲಾಂಜ್ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದಳು. ನಾನು ಓಡಿಬಂದು ಪಾತ್ರೆ ಇಳಿಸಿದೆ. ಅವಳು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ವಸಂತದಲ್ಲಿ ವ್ಯಾಪಾರಿಗಳು ರುಚಿ ನೋಡಲು ಬರುವವರಿದ್ದರು. ಯಾರಿಗೂ ಹೇಳುವುದು ಬೇಡ, ನಾನೇ ಮೊದಲು ಕುಡಿದು ನೋಡಿ ಸನ್ನೆ ಮಾಡುತ್ತೇನೆ ಎಂದೆ.

"ಮರದ ರುಚಿ ಬಿಟ್ರೆ ನಿನಗಿನ್ನೇನ್ ಗೊತ್ತು ಫಿರ್ಮಾಂ?" ಎಂದಳು.

ವ್ಯಾಪಾರಿಗಳು ಬಂದರು. ಸೊಲಾಂಜ್ ಗ್ಲಾಸು ಎತ್ತಿ, ಮೂಸದೆಯೇ ಕೆಳಗಿಟ್ಟಳು. "ನನಗೀಗ ವಾಸನೆ ಗೊತ್ತಾಗಲ್ಲ. ಮತಿಲ್ಡ್ ನೋಡ್ತಾಳೆ."

ಮತಿಲ್ಡ್ ಅವಳ ತಮ್ಮನ ಮಗಳು, ತೋಟದಲ್ಲಿ ಅವಳ ಜೊತೆಗೇ ದುಡಿದವಳು. ಕುಡಿದು ಗ್ಲಾಸು ಕೆಳಗಿಟ್ಟಳು.

"ಅತ್ತೆ, ಇದಿನ್ನೂ ಹದ ಆಗಿಲ್ಲ. ಈಗ ಕೊಡೋದು ಬೇಡ."

ಗಿರಾಕಿಗಳ ಎದುರಿಗೇ! ನನಗೆ ಮೈ ಉರಿಯಿತು. ನನ್ನ ಬಾಯಿಗೆ ಅದು ಚೆನ್ನಾಗಿಯೇ ಇತ್ತು. ಅವರಲ್ಲಿ ಇಬ್ಬರು ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಸೊಲಾಂಜ್ ಸೊಂಟದಿಂದ ನೆಲಮಾಳಿಗೆಯ ಕೀಲಿಕೈ ಬಿಚ್ಚಿ ಮತಿಲ್ಡಳ ಕೈಗಿಟ್ಟಳು.

ವೈನು ಬೇಸಿಗೆಯಿಡೀ ಪೀಪಾಯಿಯಲ್ಲೇ ಮಾಗಿತು. ಅಂದು ಹೊರಟವರಿಬ್ಬರೂ ಮೊನ್ನೆ ಮತ್ತೆ ಬಂದು ಕೊಂಡರು. ಈಗ ಎರಡನೇ ಸಾಲಿನಲ್ಲಿ ಕುಳಿತು ನೆಲ ನೋಡುತ್ತಿದ್ದಾರೆ. ಅವರಿಗೂ ಸ್ವಾಗತ.

ಮನೆಯಲ್ಲೀಗ ಸೊಲಾಂಜ್ ಸೂಪಿನ ಮುಂದೆ ಕುಳಿತು "ಹೇಗಿದೆ ಹೇಳು" ಎನ್ನುತ್ತಾಳೆ. ಚೆನ್ನಾಗಿದೆ ಎಂದರೆ ಬಿಡುವುದಿಲ್ಲ. ಈರುಳ್ಳಿ ಸ್ವಲ್ಪ ಹೆಚ್ಚು ಕೆಂಪಾಗಿದೆ, ಬೆಣ್ಣೆ ಹೊಸದು ಎಂದು ಮಾತು ಹುಡುಕಿ ಹುಡುಕಿ ಹೇಳುತ್ತೇನೆ. ಅವಳು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, ಆಮೇಲೆ ಚಮಚ ಎತ್ತುತ್ತಾಳೆ.

ಹೊರಗೆ ಮೇಜಿನ ಮೇಲೆ ಮೇಕೆಹಾಲಿನ ಚೀಸು, ಮತಿಲ್ಡಳ ವೈನು ಕಾದಿವೆ. ಸೊಲಾಂಜಳ ಪಕ್ಕದಲ್ಲಿ ಕುಳಿತು ರುಚಿ ಹೇಳುವ ಕೆಲಸ ನನಗಿದೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.